ಸಾವಿರದ ಮೇಲಿನ ಇಪ್ಪತ್ತನಾಲ್ಕು

ಮೂರೂವರೆ ಇಂಚಿನ ಫ್ಲಾಪಿಯನ್ನು ಬಳಸಿದವರಿಗೆಲ್ಲ ಒಂದು ಸಂಖ್ಯೆ ನೆನಪಿರುತ್ತದೆ: 1.44 ಎಂ.ಬಿ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಡಿ.ಟಿ.ಪಿ. ಅಂಗಡಿಗಳಿಂದ ಮದುವೆ ಕರೆಯೋಲೆ, ಕರಪತ್ರ, ಕವನ ಸಂಕಲನ ಎಲ್ಲವೂ ಈ ಪುಟ್ಟ ಚೌಕದೊಳಗೆ ಕೂತು ಪ್ರೆಸ್ಸಿಗೆ ಹೋಗುತ್ತಿದ್ದವು. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರುಗಳ ಜೊತೆ ಮನೆಮಾತಾಗಿಸಿದ ಈ ಫ್ಲಾಪಿಯ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡೋಣ. ತಟ್ಟೆಗೆ ಎರಡು ಬದಿ. ಒಂದೊಂದು ಬದಿಗೆ 80 ಸುತ್ತು, ಒಂದೊಂದು ಸುತ್ತಿಗೆ 18 ಖಂಡ, ಒಂದೊಂದು ಖಂಡಕ್ಕೆ 512 ಬೈಟ್. ಗುಣಿಸಿದರೆ 14,74,560 ಬೈಟ್.

ಮೆಗಾಬೈಟ್ ಎಂದರೆ ಹತ್ತು ಲಕ್ಷ ಬೈಟ್ ಎಂದು ಹಿಡಿದರೆ ಇದು 1.47 ಎಂ.ಬಿ. ಆಗಬೇಕು. 1024ನ್ನು 1024ರಿಂದ ಗುಣಿಸಿದ 10,48,576 ಬೈಟ್ ಎಂದು ಹಿಡಿದರೆ 1.41 ಆಗಬೇಕು. ಎರಡು ದಾರಿಯಲ್ಲೂ 1.44 ಬರುವುದಿಲ್ಲ. ಅದು ಬರುವುದು ಒಂದೇ ದಾರಿಯಲ್ಲಿ: 1024ನ್ನು 1000ದಿಂದ ಗುಣಿಸಿ ಅದನ್ನೇ ಮೆಗಾಬೈಟ್ ಎಂದು ಕರೆದರೆ. ಅರ್ಧ ಒಂದು ಪದ್ಧತಿ, ಇನ್ನರ್ಧ ಮತ್ತೊಂದು. ಕೋಟಿಗಟ್ಟಲೆ ಫ್ಲಾಪಿಗಳ ನೆತ್ತಿಯ ಮೇಲೆ ಅಚ್ಚಾದ ಈ ಅಳತೆ ಯಾವ ಅಳತೆಗೋಲಿಗೂ ಸೇರಿದ್ದಲ್ಲ.

ಅಳತೆಯೆಂದರೆ ಕೊಡುವವನಿಗೂ ಕೊಳ್ಳುವವನಿಗೂ ನಡುವಿನ ಮಾತು. ಆ ಮಾತಿಗೆ ಮೂರು ಅರ್ಥ ಹುಟ್ಟಿದ್ದು ಹೇಗೆ? ಇದು ಯಾರ ಮೋಸದಿಂದಲೂ ಶುರುವಾದ ಕಥೆಯಲ್ಲ. ಸಾವಿರದ ಮೇಲೆ ಉಳಿದ ಬರೀ ಇಪ್ಪತ್ತನಾಲ್ಕನ್ನು ಸಜ್ಜನ ಎಂಜಿನಿಯರುಗಳು ಲೆಕ್ಕಕ್ಕೆ ಹಿಡಿಯದೆ ಬಿಟ್ಟರು. ಬಿಟ್ಟದ್ದು ಬೆಳೆಯಿತು.

ಬಿಟ್ ಹುಟ್ಟಿದ ಹೊತ್ತು

ಮಾಹಿತಿಯನ್ನು ಅಕ್ಕಿಯಂತೆ, ಎಣ್ಣೆಯಂತೆ ಅಳೆಯಬಹುದು ಎಂಬ ಆಲೋಚನೆಯೇ ತೀರ ಹೊಸದು. 1928ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ರಾಲ್ಫ್ ಹಾರ್ಟ್ಲಿ ಇದಕ್ಕೊಂದು ದಾರಿ ತೋರಿದರು. ಸಂದೇಶದ ಅರ್ಥವನ್ನು ಪಕ್ಕಕ್ಕಿಡಿ, ಎಷ್ಟು ಸಾಧ್ಯತೆಗಳ ನಡುವೆ ಒಂದನ್ನು ಆರಿಸಲಾಯಿತು ಎಂಬುದನ್ನು ಎಣಿಸಿ ಎಂಬುದು ಅವರ ವಾದ. ಎರಡನೇ ಮಹಾಯುದ್ಧದ ಕಾಲಕ್ಕೆ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಅಲನ್ ಟ್ಯೂರಿಂಗ್ ಮತ್ತು ಐ.ಜೆ. ಗುಡ್ ತಮ್ಮದೇ ಒಂದು ಮಾನ ಮಾಡಿಕೊಂಡಿದ್ದರು. ಎನಿಗ್ಮಾ ಗುಪ್ತ ಸಂದೇಶಗಳನ್ನು ಒಂದರ ಮೇಲೊಂದಿಟ್ಟು ಹೋಲಿಸಲು ಬೇಕಾದ ಉದ್ದುದ್ದ ಹಾಳೆಗಳು ಬ್ಯಾನ್‌ಬರಿ ಎಂಬ ಊರಿನಲ್ಲಿ ಅಚ್ಚಾಗುತ್ತಿದ್ದವು. ಆ ಊರಿನ ಹೆಸರಿನಿಂದಲೇ ಅವರ ಮಾನಕ್ಕೆ 'ಬ್ಯಾನ್' ಎಂದು ಹೆಸರಾಯಿತು. ಒಂದು ಊಹೆಯ ಪರವಾದ ಸಾಕ್ಷ್ಯ ಹತ್ತುಪಟ್ಟು ಬಲವಾದರೆ ಒಂದು ಬ್ಯಾನ್. ಬ್ಯಾನ್ ಹತ್ತರ ಲೆಕ್ಕದ್ದು.

ಎರಡರ ಲೆಕ್ಕಕ್ಕೆ ಹೆಸರು ಸಿಕ್ಕಿದ್ದು ಯುದ್ಧ ಮುಗಿದ ಮೇಲೆ. 1947ರ ಜನವರಿ 9ರಂದು ಬೆಲ್ ಲ್ಯಾಬ್ಸ್‌ನ ಒಂದು ಟಿಪ್ಪಣಿಯಲ್ಲಿ ಗಣಿತಜ್ಞ ಜಾನ್ ಟ್ಯೂಕಿ 'ಬೈನರಿ ಇನ್‌ಫರ್ಮೇಶನ್ ಡಿಜಿಟ್' ಎಂಬ ಉದ್ದ ಹೆಸರನ್ನು ಕತ್ತರಿಸಿ 'ಬಿಟ್' ಎಂದು ಬರೆದರು. ಮರುವರ್ಷ, 1948ರ ಜುಲೈನಲ್ಲಿ, 32 ವರ್ಷದ ಕ್ಲಾಡ್ ಶ್ಯಾನನ್ ಬೆಲ್ ಸಂಸ್ಥೆಯ ತಾಂತ್ರಿಕ ಪತ್ರಿಕೆಯಲ್ಲಿ ಸಂವಹನದ ಗಣಿತ ಸಿದ್ಧಾಂತವನ್ನು ಪ್ರಕಟಿಸಿದರು. ಅಲ್ಲಿ ಬಿಟ್ ಅಚ್ಚಿನಲ್ಲಿ ಮಾಹಿತಿಯ ಮೂಲಮಾನವಾಯಿತು. ಪದ ಟ್ಯೂಕಿಯವರದು ಎಂದು ಶ್ಯಾನನ್ ಅಲ್ಲಿಯೇ ಹೇಳಿದ್ದಾರೆ.

ಮರುವರ್ಷ ಶ್ಯಾನನ್ ಕೈಬರಹದಲ್ಲಿ ಒಂದು ಪಟ್ಟಿ ಮಾಡಿದರು. ಲೋಕದ ಯಾವ ವಸ್ತುವಿನಲ್ಲಿ ಎಷ್ಟು ಬಿಟ್ ಇರಬಹುದು ಎಂಬ ಅಂದಾಜು ಅದು. ಪಟ್ಟಿಯ ತುದಿಯಲ್ಲಿದ್ದದ್ದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್: 1ರ ಮುಂದೆ 14 ಸೊನ್ನೆಗಳಷ್ಟು ಬಿಟ್. ಇಂದಿನ ಮಾತಿನಲ್ಲಿ ಹನ್ನೆರಡೂವರೆ ಟೆರಾಬೈಟ್. ಅಂದು ಊಹೆಯ ಕೊನೆಯಂಚಿನಲ್ಲಿದ್ದ ಆ ಮೊತ್ತ ಇಂದು ಅಂಗಡಿಯಲ್ಲಿ ಸಿಗುವ ಒಂದು ದೊಡ್ಡ ಹಾರ್ಡ್ ಡಿಸ್ಕಿನಲ್ಲಿ ಹಿಡಿಸುತ್ತದೆ.

ಬಿಟ್ ಎಂದರೇನೆಂದು ಕನ್ನಡ ಶಾಲೆಯಲ್ಲಿ ಓದಿದವರಿಗೆ ವಿವರಿಸುವುದು ಕಷ್ಟವಲ್ಲ. ಲಘುವೋ ಗುರುವೋ ಎಂಬ ಒಂದು ತೀರ್ಮಾನವೇ ಒಂದು ಬಿಟ್. ಮೂರು ಅಕ್ಷರಗಳಿಗೆ ಪ್ರಸ್ತಾರ ಹಾಕಿದರೆ ಮನಭಯಜರಸತ, ಎಂಟೇ ಎಂಟು ಗಣ. ಒಂದಕ್ಷರ ಸೇರಿದಂತೆಲ್ಲ ಸಾಧ್ಯತೆ ಎರಡರಷ್ಟಾಗುತ್ತದೆ. ನಾಗವರ್ಮನ 'ಛಂದೋಂಬುಧಿ'ಯನ್ನು ತಿಳಿದವರಿಗೆ ಈ ದ್ವಿಗುಣದ ಏಣಿ ಚೆನ್ನಾಗಿ ಗೊತ್ತು. ಪಾದಕ್ಕೆ ಎಂಟಕ್ಷರದ ಅನುಷ್ಟುಪ್ ವರ್ಗದಲ್ಲಿ 256 ಸಮವೃತ್ತಗಳು ಸಾಧ್ಯ, ಒಂಬತ್ತಕ್ಷರದ ಬೃಹತಿಯಲ್ಲಿ 512, ಹತ್ತಕ್ಷರದ ಪಂಕ್ತಿಯಲ್ಲಿ 1024. ಹಳಗಾಲದ ಛಂದಸ್ಸಿಗರು ಕಂಪ್ಯೂಟರನ್ನು ಕನಸಿನಲ್ಲೂ ಕಂಡವರಲ್ಲ. ಎರಡರಲ್ಲಿ ಒಂದನ್ನು ಮತ್ತೆ ಮತ್ತೆ ಆರಿಸುವ ಯಾವ ಲೆಕ್ಕವಾದರೂ ಈ ಸಂಖ್ಯೆಗಳ ಮೆಟ್ಟಿಲನ್ನೇ ಹತ್ತಬೇಕು, ಅಷ್ಟೆ. ಈ 256 ಮತ್ತು 1024 ನಮ್ಮ ಕಥೆಯಲ್ಲಿ ಮತ್ತೆ ಬರುತ್ತವೆ.

ಒಂದು ತುತ್ತು, ಎಂಟು ಬಿಟ್

1956ರಲ್ಲಿ ಐಬಿಎಂ ಸಂಸ್ಥೆ 'ಸ್ಟ್ರೆಚ್' ಎಂಬ ಮಹಾಯಂತ್ರದ ವಿನ್ಯಾಸದಲ್ಲಿ ತೊಡಗಿತ್ತು. ಯಂತ್ರ ಒಂದು ಸಲಕ್ಕೆ ಬಾಯಿಗೆ ಹಾಕಿಕೊಳ್ಳುವ ಬಿಟ್‌ಗಳ ಗುಂಪಿಗೆ ಹೆಸರು ಬೇಕಾಯಿತು. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ವರ್ನರ್ ಬುಕ್‌ಹೋಲ್ಟ್ಸ್ ಅದನ್ನು 'ಬೈಟ್' ಎಂದು ಕರೆದರು. ಇಂಗ್ಲಿಷಿನಲ್ಲಿ ಅದು ತುತ್ತು ಎಂಬ ಅರ್ಥದ ಪದವೇ. ಆದರೆ ಅದೇ ಕಾಗುಣಿತದಲ್ಲಿ ಬರೆದರೆ ಕೈತಪ್ಪಿ ಕೊನೆಯಕ್ಷರ ಬಿದ್ದುಹೋದರೆ ಬೈಟ್ ಬಿಟ್ ಆಗಿಬಿಡುವ ಭಯವಿತ್ತು. ಅದಕ್ಕಾಗಿ ನಡುವಿನ ಸ್ವರಾಕ್ಷರವನ್ನೇ ಬದಲಿಸಿದರು. ಒಂದಕ್ಷರದ ಗೊಂದಲವೂ ಆಗಬಾರದೆಂಬ ಈ ಎಚ್ಚರವನ್ನು ನೆನಪಿಡಬೇಕು, ಏಕೆಂದರೆ ಮುಂದೆ ಇದೇ ಎಚ್ಚರ ತಪ್ಪುತ್ತದೆ.

ಆಗ ಬೈಟಿಗೆ ಗಟ್ಟಿಯಾದ ಉದ್ದವಿರಲಿಲ್ಲ. ಆ ಕಾಲದ ಬಹುತೇಕ ಯಂತ್ರಗಳು ಒಂದಕ್ಷರಕ್ಕೆ ಆರು ಬಿಟ್ ಬಳಸುತ್ತಿದ್ದವು. ಆರು ಬಿಟ್‌ಗೆ 64 ಸಾಧ್ಯತೆ. ಇಂಗ್ಲಿಷಿನ ದೊಡ್ಡಕ್ಷರ, ಅಂಕಿ, ಒಂದಿಷ್ಟು ಚಿಹ್ನೆ ಸೇರಿಸಿದರೆ ಅಲ್ಲಿಗೆ ಮುಗಿಯಿತು, ಸಣ್ಣಕ್ಷರಕ್ಕೆ ಜಾಗವಿಲ್ಲ. ಐಬಿಎಂ ತನ್ನ ಸಿಸ್ಟಂ/360 ಸರಣಿಯನ್ನು ರೂಪಿಸುವಾಗ ಈ ಬಗ್ಗೆ ದೊಡ್ಡ ವಾದ ನಡೆಯಿತು. ಮುಖ್ಯ ವಾಸ್ತುಶಿಲ್ಪಿ ಜೀನ್ ಆಮ್‌ಡಾಲ್ ಆರರ ಪರ, ಯೋಜನೆಯ ಮುಖ್ಯಸ್ಥ ಫ್ರೆಡ್ ಬ್ರೂಕ್ಸ್ ಎಂಟರ ಪರ. ಮೆಮರಿ ಚಿನ್ನದ ಬೆಲೆಯಲ್ಲಿದ್ದ ಕಾಲದಲ್ಲಿ ಅಕ್ಷರಕ್ಕೆ ಎರಡು ಬಿಟ್ ಹೆಚ್ಚು ಕೊಡುವುದು ದುಂದೆನಿಸಿದ್ದರೆ ಅಚ್ಚರಿಯಿಲ್ಲ. ಗೆದ್ದದ್ದು ಎಂಟು. 1964ರ ಏಪ್ರಿಲ್ 7ರಂದು ಸಿಸ್ಟಂ/360 ಪ್ರಕಟವಾಯಿತು. ಆ ಸರಣಿಯ ಯಶಸ್ಸಿನ ಬೆನ್ನಿಗೆ ಬೈಟ್ ಎಂದರೆ ಎಂಟು ಬಿಟ್ ಎಂಬುದು ಜಗತ್ತಿನ ರೂಢಿಯಾಯಿತು. ತಮ್ಮ ಬದುಕಿನ ಅತಿ ಮುಖ್ಯ ನಿರ್ಧಾರ ಇದೇ ಎಂದು ಬ್ರೂಕ್ಸ್ ಮುಂದೆ ಹೇಳಿಕೊಂಡರು. ಫ್ರೆಂಚರು ಮಾತ್ರ ಇಂದಿಗೂ ಅದನ್ನು 'ಆಕ್ಟೆಟ್' ಎನ್ನುತ್ತಾರೆ: ಎಂಟರ ಗುಂಪು.

ಉಂಗುರಗಳ ಬಲೆ

ಇನ್ನು 1024ರ ಮಾತು. ಐವತ್ತರ ದಶಕದ ಮೆಮರಿಯನ್ನು ಕಣ್ಣೆದುರು ತಂದುಕೊಳ್ಳಿ. ಸಾಸಿವೆಗಿಂತ ಸ್ವಲ್ಪ ದಪ್ಪನೆಯ ಫೆರೈಟ್ ಉಂಗುರಗಳು. ಒಂದು ಚೌಕಟ್ಟಿನಲ್ಲಿ ಅಡ್ಡ 32 ತಂತಿ, ಉದ್ದ 32 ತಂತಿ, ತಂತಿಗಳು ಕೂಡುವ ಪ್ರತಿ ಜಾಗದಲ್ಲೂ ಒಂದು ಉಂಗುರ. ಮಣಿ ಪೋಣಿಸಿದಂತೆ ಈ ತಂತಿಗಳನ್ನು ಉಂಗುರಗಳೊಳಗೆ ತೂರಿಸುವ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದ್ದು. ಉಂಗುರದ ಕಾಂತತೆ ಒಂದು ದಿಕ್ಕಿಗಿದ್ದರೆ ಸೊನ್ನೆ, ಇನ್ನೊಂದು ದಿಕ್ಕಿಗಿದ್ದರೆ ಒಂದು. ಜೇ ಫಾರೆಸ್ಟರ್ ಮುಂದಾಳತ್ವದಲ್ಲಿ ಎಂಐಟಿಯ 'ವರ್ಲ್‌ವಿಂಡ್' ಕಂಪ್ಯೂಟರಿಗೆ 1953ರಲ್ಲಿ ಅಳವಡಿಸಿದ ಮೆಮರಿ ಹೀಗಿತ್ತು. ಒಂದು ಹಂದರಕ್ಕೆ 32 ಸಲ 32, ಅಂದರೆ 1024 ಉಂಗುರ.

ಸಾವಿರಕ್ಕೆ ಏಕೆ ನಿಲ್ಲಿಸಲಿಲ್ಲ? ಉಂಗುರದ ವಿಳಾಸವನ್ನೂ ಯಂತ್ರ ಬಿಟ್‌ಗಳಲ್ಲೇ ಬರೆಯುತ್ತದೆ. ಹತ್ತು ಬಿಟ್‌ನ ವಿಳಾಸಕ್ಕೆ 1024 ಮನೆಗಳು ಸಿಗುತ್ತವೆ, ಪಂಕ್ತಿ ಛಂದಸ್ಸಿನ 1024 ವೃತ್ತಗಳಂತೆಯೇ. ಅದರಲ್ಲಿ ಇಪ್ಪತ್ತನಾಲ್ಕು ಮನೆ ಖಾಲಿ ಬಿಡುವುದು ನಷ್ಟ. ಹೀಗೆ ಮೆಮರಿ ಎರಡರ ಏಣಿಯಲ್ಲೇ ಬೆಳೆಯಿತು. ಕೊಳ್ಳುವವರಿಗೆ ಹೇಳುವಾಗ 32,768 ಎಂದು ಯಾರು ಹೇಳುತ್ತಾರೆ? '32 ಕೆ' ಎಂದರೆ ಮುಗಿಯಿತು. ಕಿಲೋ ಎಂದರೆ ಸಾವಿರ ಎಂದು 1795ರಲ್ಲೇ ಫ್ರಾನ್ಸ್ ಗೊತ್ತುಮಾಡಿತ್ತು. 24 ಹೆಚ್ಚಾದರೇನು ಎಂದು ಆ 'ಕೆ'ಯನ್ನೇ ಎಂಜಿನಿಯರುಗಳು ಎರವಲು ತಂದರು.

ಎರವಲು ತಂದ ದಿನದಿಂದಲೇ ಗೊಂದಲವಿತ್ತು. ಐಬಿಎಂನದೇ 1401 ಕಂಪ್ಯೂಟರಿನಲ್ಲಿ '4 ಕೆ' ಎಂದರೆ ನಿಖರವಾಗಿ 4000 ಅಕ್ಷರ. ಅದೇ ಸಂಸ್ಥೆಯ 7090ರಲ್ಲಿ '32 ಕೆ' ಎಂದರೆ 32,768 ಪದ. 65,536ನ್ನು ಕೆಲವರು 65 ಕೆ ಎಂದರು, ಕೆಲವರು 64 ಕೆ ಎಂದರು. 1968ರಲ್ಲಿ ಡೊನಾಲ್ಡ್ ಮಾರಿಸನ್ ಎಂಬವರು ಅಮೆರಿಕದ ಕಂಪ್ಯೂಟರ್ ಸಂಘದ ಪತ್ರಿಕೆಗೆ ಕಾಗದ ಬರೆದು, 1024ಕ್ಕೆ ಗ್ರೀಕಿನ 'ಕಪ್ಪ' ಅಕ್ಷರವನ್ನು ಬೇರೆಯಾಗಿ ಇಟ್ಟುಕೊಳ್ಳೋಣ ಎಂದರು. ಬೇರೆಯವರು ಬೇರೆ ಗುರುತು ಸೂಚಿಸಿದರು. ಯಾವುದೂ ರೂಢಿಗೆ ಬರಲಿಲ್ಲ. ಆಗ ತಿದ್ದಬೇಕಾಗಿದ್ದದ್ದು ನೂರಕ್ಕೆ 2.4ರಷ್ಟು ಮಾತ್ರ.

ಇಪ್ಪತ್ತನಾಲ್ಕರ ಚಕ್ರಬಡ್ಡಿ

ಮೆಮರಿಯ ಮಂದಿ 1024ರಲ್ಲಿ ಎಣಿಸುತ್ತಿದ್ದಾಗ ಡಿಸ್ಕಿನ ಮಂದಿ ಬೇರೆ ದಾರಿಯಲ್ಲಿದ್ದರು. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕ್ ಘಟಕದಲ್ಲಿ 24 ಇಂಚು ಅಗಲದ 50 ತಟ್ಟೆಗಳು ತಿರುಗುತ್ತಿದ್ದವು. ತೂಕ ಒಂದು ಟನ್ನಿಗೂ ಮಿಕ್ಕಿ, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಐವತ್ತು ಲಕ್ಷವೆಂದರೆ ಸರಿಯಾಗಿ ಐವತ್ತು ಲಕ್ಷ. ತಟ್ಟೆ ಎಷ್ಟು, ಸುತ್ತು ಎಷ್ಟು, ಸುತ್ತಿಗೆ ಖಂಡ ಎಷ್ಟು ಎಂಬುದಕ್ಕೆ ಎರಡರ ಏಣಿಯ ಹಂಗಿಲ್ಲ. ಹತ್ತರ ಲೆಕ್ಕ ಅಲ್ಲಿ ಸಹಜವಾಗಿತ್ತು. ಪೆಟ್ಟಿಗೆಯ ಮೇಲೆ ದೊಡ್ಡ ಸಂಖ್ಯೆ ಕಾಣುತ್ತದೆಂಬ ಲಾಭವೂ ಇತ್ತು.

ಎರಡು ದಾರಿಗಳು ಒಂದೇ ಮೇಜಿನ ಮೇಲೆ ಕೂಡಿದ್ದು ವೈಯಕ್ತಿಕ ಕಂಪ್ಯೂಟರಿನಲ್ಲಿ. ಡಿಸ್ಕಿನ ಪೆಟ್ಟಿಗೆ ಹತ್ತರಲ್ಲಿ ಮಾತಾಡಿತು, ಕಂಪ್ಯೂಟರಿನ ಪರದೆ 1024ರಲ್ಲಿ ಉತ್ತರಿಸಿತು. ಇಲ್ಲಿ 24 ಚಕ್ರಬಡ್ಡಿಯಂತೆ ಬೆಳೆಯಿತು. ಕಿಲೋದಲ್ಲಿ 2.4ರಷ್ಟಿದ್ದ ಶೇಕಡಾ ವ್ಯತ್ಯಾಸ ಮೆಗಾದಲ್ಲಿ 4.9 ಆಯಿತು, ಗಿಗಾದಲ್ಲಿ 7.4, ಟೆರಾದಲ್ಲಿ 10ರ ಹತ್ತಿರ. 500 ಜಿ.ಬಿ. ಡಿಸ್ಕ್ ತಂದವರಿಗೆ ಪರದೆಯ ಮೇಲೆ 465 ಕಂಡಿತು. ಒಂದು ಬೈಟೂ ಕಳೆದಿರಲಿಲ್ಲ, ಬೇರೆ ಕೊಳಗದಲ್ಲಿ ಅಳೆದಿದ್ದರು. ಆದರೆ ಕೊಂಡವನಿಗೆ ಅದನ್ನು ತಿಳಿಸಿದವರಿರಲಿಲ್ಲ. ಅಮೆರಿಕದಲ್ಲಿ ಗ್ರಾಹಕರು ಕೋರ್ಟಿನ ಮೆಟ್ಟಿಲು ಹತ್ತಿದರು. 2006ರಲ್ಲಿ ವೆಸ್ಟರ್ನ್ ಡಿಜಿಟಲ್ ತಪ್ಪೊಪ್ಪಿಕೊಳ್ಳದೆ, ಗ್ರಾಹಕರಿಗೆ ಬ್ಯಾಕಪ್ ತಂತ್ರಾಂಶ ಕೊಟ್ಟು ರಾಜಿಯಾಯಿತು. ಮರುವರ್ಷ ಸೀಗೇಟ್ ಕೂಡ ರಾಜಿಯ ದಾರಿ ಹಿಡಿಯಿತು.

ನಯಾ ಪೈಸೆಯ ಪಾಠ

ಔಷಧ ಆಗಲೇ ಬಂದಿತ್ತು. 1998ರ ಡಿಸೆಂಬರಿನಲ್ಲಿ ಜಿನೀವಾದ ಅಂತಾರಾಷ್ಟ್ರೀಯ ವಿದ್ಯುತ್ ತಂತ್ರಜ್ಞಾನ ಆಯೋಗ ಎರಡರ ಏಣಿಗೆ ಬೇರೆಯೇ ಹೆಸರುಗಳನ್ನು ಒಪ್ಪಿತು: ಕಿಬಿ, ಮೆಬಿ, ಗಿಬಿ, ಟೆಬಿ. 1024 ಬೈಟ್ ಎಂದರೆ ಒಂದು ಕಿಬಿಬೈಟ್. ಕಿಲೋ ಎಂದರೆ ಇನ್ನು ಸಾವಿರವೇ.

ಇದು ನಮಗೆ ಪರಿಚಿತವಾದ ಮದ್ದು. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಒಟ್ಟು 64 ಪೈಸೆ. ನಮ್ಮ ಹಳೆಯ ನಾಣ್ಯವೂ ಎರಡರ ಏಣಿಯಲ್ಲೇ ನಿಂತಿತ್ತು. ಅರೆ, ಕಾಲು, ಅರೆಕಾಲು, ವೀಸ ಎಂದು ಅರ್ಧಿಸುತ್ತ ಹೋಗುವ ಮಂದಿಗೆ ಅದು ಹಿತವಾಗಿತ್ತು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆ ಬಂತು. ಹಳೆಯ ಪೈಸೆ, ಹೊಸ ಪೈಸೆ ಒಂದೇ ಹೆಸರಿನಲ್ಲಿ ಓಡಾಡಿದರೆ ಸಂತೆಯಲ್ಲಿ ಜಗಳವೇ. ಅದಕ್ಕೇ ಹೊಸದನ್ನು 'ನಯಾ ಪೈಸೆ' ಎಂದರು. ಜನ ಒಗ್ಗಿದ ಮೇಲೆ, 1964ರ ಜೂನ್ 1ರಿಂದ, 'ನಯಾ' ಕಳಚಿತು. ಎರಡು ಮಾನಕ್ಕೆ ಎರಡು ಹೆಸರು, ಅದೂ ಮೊದಲ ದಿನದಿಂದಲೇ.

ಕಿಬಿಬೈಟ್ ಬಂದದ್ದು ಮೂವತ್ತು ವರ್ಷ ತಡವಾಗಿ. ಹೀಗಾಗಿ ಅದಕ್ಕೆ ಆ ಭಾಗ್ಯ ಸಿಗಲಿಲ್ಲ. ಲಿನಕ್ಸ್ ಲೋಕದಲ್ಲಿ ಅದು ಬೇರೂರಿತು. ಆಪಲ್ 2009ರಲ್ಲಿ ತನ್ನ ಮ್ಯಾಕ್ ಕಂಪ್ಯೂಟರುಗಳ ಪರದೆಯನ್ನೇ ಹತ್ತರ ಲೆಕ್ಕಕ್ಕೆ ತಂದು, ಪೆಟ್ಟಿಗೆಗೂ ಪರದೆಗೂ ರಾಜಿ ಮಾಡಿಸಿತು. ವಿಂಡೋಸ್ ಇಂದಿಗೂ 1024ರಲ್ಲಿ ಎಣಿಸಿ ಜಿ.ಬಿ. ಎಂದು ಬರೆಯುತ್ತದೆ. ಬಾಯಿಮಾತಿನಲ್ಲಿ ಗಿಬಿಬೈಟ್ ಎಂದವರನ್ನು ಕಾಣುವುದು ಅಪರೂಪ.

ಕನ್ನಡಕ್ಕೆಷ್ಟು ಬೈಟ್?

ಎಂಟು ಬಿಟ್‌ನ ಬೈಟ್ ಇಂಗ್ಲಿಷಿನ ಸಣ್ಣಕ್ಷರಕ್ಕಾಗಿ ಹಿಗ್ಗಿದ್ದು. ಕನ್ನಡ ಅದರೊಳಗೆ ಬಂದದ್ದು ಇಕ್ಕಟ್ಟಿನಲ್ಲಿ. 256 ಮನೆಗಳಲ್ಲಿ ಕಾಗುಣಿತ, ಒತ್ತು ಎಲ್ಲವೂ ಹಿಡಿಸಬೇಕು. ತೊಂಬತ್ತರ ದಶಕದ ಕನ್ನಡ ತಂತ್ರಾಂಶಗಳು ಅಕ್ಷರಗಳನ್ನು ತುಂಡು ತುಂಡಾಗಿ ಕೊಯ್ದು ಆ ಮನೆಗಳಲ್ಲಿ ಕೂರಿಸಿದವು, ಒಂದೊಂದು ತಂತ್ರಾಂಶ ಒಂದೊಂದು ಕ್ರಮದಲ್ಲಿ. ಒಂದರಲ್ಲಿ ಬರೆದ ಕಥೆ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ರಾಶಿ. ಆ ಕಾಲದ ಎಷ್ಟೋ ಬರಹ ಇಂದಿಗೂ ಹಾಗೆಯೇ ಬಿದ್ದಿದೆ.

1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಾಗ ಕನ್ನಡಕ್ಕೆ 128 ಮನೆಗಳ ಸ್ವಂತ ಬೀದಿ ಸಿಕ್ಕಿತು. 1992ರಲ್ಲಿ ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಚಿಹ್ನೆಗೆ ಮೂರು. 'ಸ್ತ್ರೀ' ಎಂದು ಬರೆಯಿರಿ. ಕಣ್ಣಿಗೆ ಒಂದೇ ಅಕ್ಷರ. ಯಂತ್ರಕ್ಕೆ ಸಕಾರ, ವಿರಾಮ, ತಕಾರ, ವಿರಾಮ, ರಕಾರ, ದೀರ್ಘ ಈಕಾರ, ಒಟ್ಟು ಆರು ಚಿಹ್ನೆ, 18 ಬೈಟ್. ಎಸ್ಸೆಮ್ಮೆಸ್ಸಿನಲ್ಲಿ ಇದರ ಬಿಸಿ ನೇರವಾಗಿ ತಟ್ಟಿತು. ಒಂದು ಎಸ್ಸೆಮ್ಮೆಸ್ ಎಂದರೆ 140 ಬೈಟ್, 1120 ಬಿಟ್. ಅಕ್ಷರಕ್ಕೆ ಏಳು ಬಿಟ್ ಸಾಕಾಗುವ ಇಂಗ್ಲಿಷಿಗೆ 160 ಅಕ್ಷರ ಸಿಕ್ಕಿದರೆ, ಚಿಹ್ನೆಗೆ 16 ಬಿಟ್ ಬೇಕಾದ ಕನ್ನಡಕ್ಕೆ 70 ಚಿಹ್ನೆ ಮಾತ್ರ. ಅಮ್ಮನಿಗೆ ಕನ್ನಡದಲ್ಲಿ ನಾಲ್ಕು ಮಾತು ಬರೆದರೆ ಎರಡು ಸಂದೇಶದ ದುಡ್ಡು. ಕಂಗ್ಲಿಷ್ ಲಿಪಿ ನಮ್ಮ ಕೈಬೆರಳುಗಳಿಗೆ ಅಂಟಿದ್ದರಲ್ಲಿ ಈ ಬಿಟ್ ಲೆಕ್ಕದ ಪಾಲೂ ಇದೆ ಎಂದು ನಾನು ನಂಬುತ್ತೇನೆ.

ಇನ್ನೊಂದು ತೊಡಕು ಕನ್ನಡದ್ದೇ. ಇಂಗ್ಲಿಷಿನಲ್ಲಿ ಸಣ್ಣ 'ಬಿ' ಎಂದರೆ ಬಿಟ್, ದೊಡ್ಡ 'ಬಿ' ಎಂದರೆ ಬೈಟ್. ನಮ್ಮ ಲಿಪಿಯಲ್ಲಿ ದೊಡ್ಡದು ಸಣ್ಣದೆಂಬ ಭೇದವಿಲ್ಲ. ನೂರು ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಸೆಕೆಂಡಿಗೆ ಬರುವುದು ಹೆಚ್ಚೆಂದರೆ ಹನ್ನೆರಡೂವರೆ ಮೆಗಾಬೈಟ್. ಎರಡನ್ನೂ 'ಎಂ.ಬಿ.' ಎಂದು ಅಚ್ಚು ಹಾಕಿದರೆ ಓದುಗನಿಗೆ ಎಂಟುಪಟ್ಟು ತಪ್ಪು ಹೇಳಿದಂತೆ. ಕನ್ನಡದಲ್ಲಿ ಬರೆಯುವವರು ಇವನ್ನು ಪೂರ್ತಿ ಹೆಸರಿನಿಂದಲೇ ಬರೆಯುವುದು ಒಳಿತು.

ಕಾಲಂಶಕ್ಕಿಂತ ಹೆಚ್ಚು

ಏಣಿ ಮೇಲಕ್ಕೆ ಬೆಳೆಯುತ್ತಲೇ ಇದೆ. 1960ರಲ್ಲಿ ಗಿಗಾ, ಟೆರಾ ಬಂದವು. ಗ್ರೀಕಿನಲ್ಲಿ ಒಂದು ದೈತ್ಯ, ಇನ್ನೊಂದು ಭೂತಾಕಾರ. 1975ರಲ್ಲಿ ಪೆಟಾ ಮತ್ತು ಎಕ್ಸಾ, 1991ರಲ್ಲಿ ಜೆಟ್ಟಾ ಮತ್ತು ಯೊಟ್ಟಾ. ಅದರಾಚೆಗೆ 'ಬ್ರಾಂಟೊಬೈಟ್'ನಂಥ ಮನಸ್ಸಿಗೆ ಬಂದ ಹೆಸರುಗಳು ಹರಿದಾಡತೊಡಗಿದಾಗ, ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ರಿಚರ್ಡ್ ಬ್ರೌನ್ ಎಚ್ಚರಗೊಂಡರು. ಸುಳ್ಳು ಹೆಸರು ರೂಢಿಗೆ ಬಿದ್ದ ಮೇಲೆ ಕಿತ್ತೆಸೆಯುವುದು ಎಷ್ಟು ಕಷ್ಟ ಎಂಬುದನ್ನು ಕಿಲೋಬೈಟಿನ ಚರಿತ್ರೆಯೇ ತೋರಿಸಿತ್ತು. ಅವರು ಮುಂದಿಟ್ಟ ರೊನ್ನಾ ಮತ್ತು ಕ್ವೆಟ್ಟಾ ಹೆಸರುಗಳನ್ನು 2022ರ ನವೆಂಬರಿನಲ್ಲಿ ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ ಸೇರಿದ ತೂಕ-ಅಳತೆಗಳ ಮಹಾಸಮ್ಮೇಳನ ಒಪ್ಪಿತು. ಕ್ವೆಟ್ಟಾ ಎಂದರೆ 1ರ ಮುಂದೆ 30 ಸೊನ್ನೆ. ಈ ಸಲ ಹೆಸರು ಬಳಕೆಗಿಂತ ಮೊದಲೇ ಬಂತು.

ಕ್ವೆಟ್ಟಾದ ಎತ್ತರದಲ್ಲಿ ಆ ಹಳೆಯ ಇಪ್ಪತ್ತನಾಲ್ಕು ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿದೆ. ನೂರಕ್ಕೆ 26.8. ಸಾವಿರದ ಮೇಲೆ ಇಪ್ಪತ್ತನಾಲ್ಕು ತಾನೆ ಎಂದು ಬಿಟ್ಟದ್ದು ಹತ್ತು ಮೆಟ್ಟಿಲಲ್ಲಿ ಕಾಲಂಶವನ್ನೂ ದಾಟುತ್ತದೆ. ಅಳತೆಯಲ್ಲಿ ಸಣ್ಣ ಸಡಿಲ ಎಂಬುದಿಲ್ಲ, ಇನ್ನೂ ಬೆಳೆಯದ ಸಡಿಲವಿದೆ ಅಷ್ಟೆ.

ಇದನ್ನು ಬರೆಯುವಾಗೆಲ್ಲ ನನ್ನ ಮನಸ್ಸು ಛಂದಸ್ಸಿನ ಪುಟಕ್ಕೇ ಮರಳುತ್ತಿತ್ತು. ಲಘು ಗುರುಗಳನ್ನು ಕೂತು ಎಣಿಸಿದವರಿಗೂ ಇದೇ ಏಣಿ ಎದುರಾಗಿತ್ತು. ಅವರು ಹತ್ತನೆಯ ಮೆಟ್ಟಿಲನ್ನು ಸಾವಿರವೆಂದು ಕರೆಯಲಿಲ್ಲ. ಎಂಟಕ್ಕೆ ಅನುಷ್ಟುಪ್, ಒಂಬತ್ತಕ್ಕೆ ಬೃಹತಿ, ಹತ್ತಕ್ಕೆ ಪಂಕ್ತಿ ಎಂದು ಒಂದೊಂದು ಮೆಟ್ಟಿಲಿಗೂ ಅದರದೇ ಹೆಸರಿಟ್ಟರು. ಕೊನೆಯ ಇಪ್ಪತ್ತನಾಲ್ಕು ವೃತ್ತಗಳಿಗೂ ಪ್ರಸ್ತಾರದಲ್ಲಿ ಸಾಲು ಬಿಟ್ಟರು.